ಕಡಲು ಕಾಯುವ ದೇವಿಯ ಸಭಾಭವನ

ನನ್ನ ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್. ವಿಯೆಟ್ನಾಮಿನ ಕರಾವಳಿಯಲ್ಲಿ ಆ ಹಡಗು ಚಂಡಮಾರುತಕ್ಕೆ ಸಿಕ್ಕಿದೆ, ಸಂಪರ್ಕ ತಪ್ಪಿದೆ ಎಂದು ಕಂಪನಿಯವರು ಫೋನ್ ಮಾಡಿದಾಗ ನಾನು ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. ದುಬೈಯಲ್ಲಿ ಕೂತು ಕಾಯುವುದು ನನ್ನಿಂದಾಗಲಿಲ್ಲ. ಮಗಳನ್ನು ಪಕ್ಕದ ಮನೆಯವರಲ್ಲಿ ಬಿಟ್ಟು, ಅಬುಧಾಬಿಯ ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದ ಮೈದುನನನ್ನು ಕರೆದುಕೊಂಡು ದಾ ನಾಂಗ್‌ಗೆ ಹೋದೆ.

ಅಲ್ಲಿಯೂ ಕಾಯುವುದೇ. ಬಂದರಿನ ಕಚೇರಿಯಲ್ಲಿ ನಾಲ್ಕು ದಿನ ಒಂದೇ ಮಾತು: ಹುಡುಕುತ್ತಿದ್ದೇವೆ. ಐದನೆಯ ದಿನ, ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ನಮ್ಮನ್ನು ಹೋಯಿ ಆನ್ ಎಂಬ ಹಳೆಯ ಪಟ್ಟಣಕ್ಕೆ ಕರೆದೊಯ್ದಳು. ಹಿಂದೆ ಕಡಲು ದಾಟಿ ಬಂದ ಚೀನೀ ವರ್ತಕರು ಕಟ್ಟಿಸಿದ ಸಭಾಭವನ ಅಲ್ಲಿತ್ತು. ಗುಲಾಬಿ ಬಣ್ಣದ ಹೆಬ್ಬಾಗಿಲ ಮುಂದೆ ಪ್ರವಾಸಿಗರು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರನ್ನೆಲ್ಲ ಅಲ್ಲಿಂದ ಓಡಿಸಬೇಕೆನಿಸಿತು ನನಗೆ.

ಒಳಗೆ ನಾವಿಕರನ್ನು ಕಾಪಾಡುವ ದೇವಿ. ಅವಳ ಇಕ್ಕೆಲದಲ್ಲಿ ಇಬ್ಬರು ಸೇವಕರು. ಒಬ್ಬನಿಗೆ ಸಾವಿರ ಮೈಲಿ ದೂರದ್ದು ಕಾಣುತ್ತದಂತೆ, ಇನ್ನೊಬ್ಬನಿಗೆ ಅಷ್ಟೇ ದೂರದ ಕೂಗು ಕೇಳಿಸುತ್ತದಂತೆ. ಯಜಮಾನಿ ಇದನ್ನು ಮೊಬೈಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ತೋರಿಸಿದಳು. ಆ ಎರಡನೆಯವನ ಎದುರು ನಿಂತು ನಾನು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ: "ಅವರು ಕೂಗ್ತಾ ಇರ್ಬಹುದು. ಒಮ್ಮೆ ಕೇಳು ಮಾರಾಯಾ."

ಮೇಲೆ ಸುರುಳಿ ಊದುಬತ್ತಿಗಳು ತೂಗುತ್ತಿದ್ದವು. ಒಂದೊಂದಕ್ಕೂ ಹೆಸರು ಬರೆದ ಹಳದಿ ಚೀಟಿ. ಅಲ್ಲಿನ ಮುದುಕನೊಬ್ಬ ನನಗೂ ಚೀಟಿ, ಪೆನ್ನು ಕೊಟ್ಟ. ಗಂಡನ ಹೆಸರಿನ ಮೊದಲಕ್ಷರಕ್ಕೇ ಕೈ ನಿಂತಿತು. ಬರೆದರೆ ಅವರನ್ನು ಸತ್ತವರ ಸಾಲಿಗೆ ಸೇರಿಸಿದಂತೆ ಅನಿಸಿತು.

"ಅತ್ತಿಗೆ, ಬದುಕಿದ್ದವರಿಗೂ ಹಚ್ಚುತ್ತಾರಂತೆ. ಕೊಡಿ, ನಾನು ಬರೀತೇನೆ," ಎಂದ ಮೈದುನ. ಚೀಟಿ ತೆಗೆದುಕೊಂಡು ಅಣ್ಣನ ಹೆಸರು ಬರೆದ.

ಮರುದಿನ ಬೆಳಿಗ್ಗೆ ಬಂದರಿನಿಂದ ಕರೆ ಬಂತು. ಮೀನುಗಾರರಿಗೆ ರಕ್ಷಣಾ ತೆಪ್ಪವೊಂದು ಸಿಕ್ಕಿತ್ತು, ಅದರಲ್ಲಿ ಏಳು ಜನ ಜೀವಂತವಾಗಿದ್ದರು. ಆಸ್ಪತ್ರೆಯಲ್ಲಿ ನಾನು ಒಂದೊಂದೇ ಹಾಸಿಗೆಗೆ ಓಡಿದೆ. ಕೊನೆಯದರಲ್ಲಿ ಫಿಲಿಪ್ಪೀನ್ಸಿನ ಅಡುಗೆಯವನು ಮಲಗಿದ್ದ. ನನ್ನ ಗುರುತು ಕೇಳಿ ಕೈ ಹಿಡಿದುಕೊಂಡು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: "ನನ್ನನ್ನು ತೆಪ್ಪಕ್ಕೆ ದೂಡಿದ್ದೇ ಅವರು. ಕೆಳಗೆ ಇನ್ನಿಬ್ಬರಿದ್ದಾರೆ ಅಂತ ಮತ್ತೆ ಇಳಿದರು."

ನಾನು ಕೈ ಕಿತ್ತುಕೊಂಡೆ. ಅವನು ಬದುಕಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಇವತ್ತಿಗೂ ಅದನ್ನು ನೆನೆದು ನಾಚುತ್ತೇನೆ.

ಹುಡುಕಾಟ ನಿಲ್ಲಿಸಿದರು. ನಾವು ಮರಳಿದೆವು. ಪಕ್ಕದ ಮನೆಯ ಬಾಗಿಲು ತೆರೆದ ಮಗಳು ನನ್ನನ್ನು ದಾಟಿ ಲಿಫ್ಟಿನ ಕಡೆ ನೋಡಿದಳು.

"ವೇರ್ ಈಸ್ ಡ್ಯಾಡಿ?"

ಮೈದುನ ಏನೋ ಹೇಳಹೊರಟ. ಅವನನ್ನು ತಡೆದು, ಅಲ್ಲೇ ಹೊಸ್ತಿಲ ಮೇಲೆ ಕೂತು, ಅವಳನ್ನು ಮಡಿಲಿಗೆಳೆದುಕೊಂಡು ನಾನೇ ಹೇಳಿದೆ.