ಸೂಜಿ ಸುಮಯ್ಯಾರದು, ಬೆಳಕು ಮಾರ್ಗರೀಟಾರದು

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳಿಯಾಳ ತಾಲ್ಲೂಕಿನ ಅಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿಗಳ ಪುಟ್ಟ ಊರೊಂದರಲ್ಲಿ ಮಾರ್ಗರೀಟಾ ಸಿದ್ದಿ ಪಡಸಾಲೆಯ ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ತಮ್ಮ ಎಡಗೈ ಚಾಚಿ ಕುಳಿತಿದ್ದಾರೆ. ಬಲಗೈ, ನೆಲದತ್ತ ಮುಖ ಮಾಡಿ ಮೇಲೆ ಕಟ್ಟಿದ ಕ್ಯಾಮೆರಾದ ಗುಂಡಿಗಳ ಮೇಲಿದೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಆ ಕೈ ಮೊದಲು ಬರೀ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಗುಂಡಿ ಒಂದಿಷ್ಟು ತಿರುಗಿದ ಮೇಲೆ ಗೆಣ್ಣುಗಳು ಮೂಡುತ್ತವೆ, ಆಮೇಲೆ ಉಗುರು, ಕೊನೆಗೆ ಚರ್ಮದ ಸಣ್ಣ ಗೆರೆಗಳೂ ಎದ್ದು ಬರುತ್ತವೆ. ಅಷ್ಟು ಕಂಡ ಮೇಲೆಯೇ ಅವರು ಎದ್ದು ಚಹಾಕ್ಕೆ ನೀರಿಡುತ್ತಾರೆ.

‘ಕ್ಯಾಮೆರಾ ತಾನಾಗಿ ಬಿಳಿ ಬಟ್ಟಿ ನೋಡಿ ಬೆಳಕು ಕಮ್ಮಿ ಮಾಡ್ತೈತ್ರಿ. ಬಟ್ಟಿ ಚಂದ ಕಾಣತೈತಿ, ನಮ್ಮ ಕೈ ಕಾಣೂದಿಲ್ಲ. ಅದಕ್ಕ ನಾ ಮೊದಲ ನನ್ನ ಕೈ ತೋರಸ್ತೇನಿ, ಆಮ್ಯಾಲೆ ಬಾಕಿದ್ದು’ ಎನ್ನುತ್ತಾರೆ. ಮದುವೆಯಿರಲಿ, ಚರ್ಚಿನ ಹಬ್ಬವಿರಲಿ, ಕೃಷಿ ಅಧಿಕಾರಿಗಳ ಉಪನ್ಯಾಸವಿರಲಿ, ಚೌಕಟ್ಟಿನೊಳಗೆ ಎಲ್ಲರಿಗಿಂತ ಕಪ್ಪಗಿರುವವರ ಮುಖಕ್ಕೆ ಬೆಳಕು ಹೊಂದಿಸುವುದು ಮಾರ್ಗರೀಟಾರ ರೂಢಿ. ಉಳಿದವರ ಮುಖ ಹೇಗೂ ಕಾಣುತ್ತದೆ.

ಇವತ್ತು ಅವರಿಗೆ ದೊಡ್ಡ ಪರೀಕ್ಷೆ. ಇದೇ ಊರಿನ ಸುಮಯ್ಯಾ, ಹಳೆ ಬಟ್ಟೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ, ಎಂಟು ಗಂಟೆಗೆ ಇದೇ ಪಡಸಾಲೆಯಿಂದ ದೇಶದ ನಾನಾ ಊರುಗಳ ಕನ್ನಡ ಬಲ್ಲ ಕಲಿಕಾರ್ಥಿಗಳಿಗೆ ಆನ್‌ಲೈನಿನಲ್ಲಿ ಪಾಠ ಹೇಳಲಿದ್ದಾರೆ. ಏರ್ಪಾಡು ಬೆಂಗಳೂರಿನ ಕರಕುಶಲ ಸಂಸ್ಥೆಯೊಂದರದು. ಕಳೆದ ಸಲ ಆ ಸಂಸ್ಥೆ ಬೇರೆ ತಂಡವನ್ನು ಕಳಿಸಿತ್ತು. ಬಟ್ಟೆಯ ಬಣ್ಣಗಳು ಝಗಮಗಿಸಿದವು, ಸುಮಯ್ಯಾರ ಬೆರಳು ಮಾತ್ರ ನೆರಳಿನಂತೆ ಓಡಾಡಿತು. ಸೂಜಿ ಎಲ್ಲಿ ಹೊಕ್ಕಿತು, ಎಲ್ಲಿ ಎದ್ದಿತು ಎಂದು ಯಾರಿಗೂ ತಿಳಿಯಲಿಲ್ಲ. ಪಾಠವನ್ನು ನಗರದ ಸ್ಟುಡಿಯೋದಲ್ಲಿ, ಕೌದಿ ಕಲಿತ ಬೇರೊಬ್ಬರ ಕೈಯಿಂದಲೇ ಮಾಡಿಸಿಬಿಡೋಣ ಎಂಬ ಮಾತು ಆಗ ಹುಟ್ಟಿತು. ಒಂದು ಅವಕಾಶ ಕೊಡಿ ಎಂದು ಮಾರ್ಗರೀಟಾ ಕೇಳಿ ಪಡೆದದ್ದು ಈ ಭಾನುವಾರವನ್ನು. ಇದು ನೆಲಕಚ್ಚಿದರೆ ಈ ಊರಿನ ಕೌದಿಯನ್ನು ಬೇರೆಯವರು ಕಲಿಸುತ್ತಾರೆ, ಊರಿನವರು ನೋಡುತ್ತಾ ಕೂರಬೇಕಾಗುತ್ತದೆ.

ಮಾರ್ಗರೀಟಾರಿಗೆ ಈ ಹಟ ಹತ್ತಿದ್ದು ದಾಂಡೇಲಿಯ ಫೋಟೊ ಸ್ಟುಡಿಯೋದಲ್ಲಿ. ಪಿಯುಸಿ ಮುಗಿಸಿ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ಅವರ ಮುಖ್ಯ ಕೆಲಸವೇ ಗಿರಾಕಿಗಳ ಮುಖವನ್ನು ಬೆಳ್ಳಗೆ ಮಾಡುವುದಾಗಿತ್ತು. ಸಿದ್ದಿಗಳೂ ಬಂದು ಸ್ವಲ್ಪ ಬೆಳ್ಳಗೆ ಮಾಡಿಕೊಡು ಎಂದೇ ಕೇಳುತ್ತಿದ್ದರು. ಒಮ್ಮೆ ತಾಯಿಯ ಚಿತ್ರವನ್ನೂ ಅದೇ ಅಭ್ಯಾಸದಲ್ಲಿ ತಿದ್ದಿ ಮನೆಗೊಯ್ದರು. ತಾಯಿ ಅದನ್ನು ಹಿಡಿದುಕೊಂಡು, ಇದು ಯಾರು ಎಂದು ನಿಜವಾಗಿಯೇ ಕೇಳಿದರಂತೆ. ಮರುದಿನದಿಂದ ಅವರಿಗೆ ಆ ಕೆಲಸ ಬೇಡವೆನಿಸಿತು. ಮುಖ ತಿದ್ದುವ ಬದಲು ಬೆಳಕು ತಿದ್ದುವುದನ್ನು ಕಲಿಯಬೇಕು ಎಂದುಕೊಂಡರು.

ಕೊರೊನಾ ಬಂದಾಗ ಅದಕ್ಕೆ ದಾರಿಯಾಯಿತು. ಗೋವಾಕ್ಕೆ ದುಡಿಯಲು ಹೋದವರು ಊರಿನ ಸಾವಿಗೂ ಮದುವೆಗೂ ಬರಲಾಗದೆ ಒದ್ದಾಡುತ್ತಿದ್ದರು. ಮಾರ್ಗರೀಟಾ ಒಂದು ಮೊಬೈಲನ್ನು ಕೋಲಿಗೆ ಕಟ್ಟಿ ಅವರಿಗೆಲ್ಲ ನೇರಪ್ರಸಾರ ತೋರಿಸತೊಡಗಿದರು. ಮೊದಮೊದಲು ಚಿತ್ರ ಬಂದರೆ ಧ್ವನಿಯಿಲ್ಲ, ಧ್ವನಿ ಬಂದರೆ ಚಿತ್ರ ತಲೆಕೆಳಗು. ಬೈಗುಳ ತಿಂದೇ ಕಲಿತರು. ಈಗ ಎರಡು ಕ್ಯಾಮೆರಾ, ಅಂಗಿಗೆ ಸಿಕ್ಕಿಸುವ ಮೈಕು, ದೃಶ್ಯ ಬದಲಿಸುವ ಪುಟ್ಟ ಯಂತ್ರ, ಕರೆಂಟು ಕೈಕೊಟ್ಟರೆ ಇರಲಿ ಎಂದು ಇನ್ವರ್ಟರ್ ಎಲ್ಲವೂ ಇವೆ. ಇವನ್ನೆಲ್ಲ ಹೊತ್ತು ತಿರುಗುವುದು ಅಣ್ಣ ಪೆದ್ರು ಅವರ ಹಳೆಯ ಓಮ್ನಿ.

ನೆಟ್‌ವರ್ಕ್ ಹುಡುಕುವುದು ಪೆದ್ರು ಅವರ ಪಾಲಿನ ಕೆಲಸ. ಅತ್ತಿವೇರಿಯ ಹಕ್ಕಿಗಳನ್ನು ಶಾಲಾ ಮಕ್ಕಳಿಗೆ ತೋರಿಸುವಾಗ, ಮೌಳಂಗಿಯ ಹೊಳೆದಂಡೆಯಲ್ಲಿ ಪ್ರವಾಸೋದ್ಯಮದವರ ಸಭೆ ನಡೆಸುವಾಗ ಅಷ್ಟೇನೂ ತಲೆಬಿಸಿಯಿಲ್ಲ. ಸೂಪಾ ದಾಟಿ ಜೋಯಿಡಾದ ಒಳಗೆ ಹೋದರೆ ಮಾತ್ರ ದೇವರೇ ಗತಿ. ಗೆಡ್ಡೆಗೆಣಸು ಬೆಳೆಯುವವರ ವೆಬಿನಾರ್ ಒಂದನ್ನು ಅವರು ಬಸ್ ತಂಗುದಾಣದಲ್ಲಿ ನಡೆಸಿದ್ದಾರೆ, ಊರಿಗೆಲ್ಲ ಸಿಗ್ನಲ್ ಇದ್ದದ್ದು ಅಲ್ಲೊಂದೇ ಕಡೆ. ನಡುವೆ ಬಸ್ಸು ಬಂದು ನಿಂತಾಗ ಕಂಡಕ್ಟರು ಸೀಟಿ ಊದದೆ ಸನ್ನೆಯಲ್ಲೇ ಜನರನ್ನು ಹತ್ತಿಸಿಕೊಂಡದ್ದನ್ನು ಪೆದ್ರು ಇವತ್ತಿಗೂ ನೆನೆಯುತ್ತಾರೆ.

ಎಂಟು ಗಂಟೆ ಸಮೀಪಿಸುತ್ತದೆ. ಮಾರ್ಗರೀಟಾ ಮೈಯೆಲ್ಲ ಕಣ್ಣಾಗಿ ಓಡಾಡುತ್ತಿದ್ದಾರೆ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದ್ದಾಯಿತು, ಪಕ್ಕದ ಮನೆಯ ರೇಡಿಯೋ ನಿಲ್ಲಿಸಿದ್ದಾಯಿತು. ನೋಡಲು ನೆರೆದಿದ್ದ ಹೆಂಗಸರನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕಿದ್ದೂ ಆಯಿತು. ಉಸಿರಾಡಿದರೂ ಕೇಳಿಸುವಂಥ ಮೈಕು ಅದು, ಪಿಟ್ಟೆನ್ನಬಾರದು ಎಂದು ತಾಕೀತು ಮಾಡಿದ್ದಾರೆ. ಪಡಸಾಲೆಯ ನಡುವೆ ಹಾಸಿದ ಕೌದಿಯ ಮುಂದೆ ಸುಮಯ್ಯಾ ಒಬ್ಬರೇ ಕುಳಿತಿದ್ದಾರೆ.

ಪ್ರಸಾರ ಶುರುವಾಗುತ್ತದೆ. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಸುಮಯ್ಯಾ ಸಲಾಂ ಹೇಳಿ, ಹೆಸರು ಹೇಳಿ, ಸೂಜಿಗೆ ದಾರ ಪೋಣಿಸುತ್ತಾರೆ. ಅಲ್ಲಿಗೆ ನಿಂತುಬಿಡುತ್ತಾರೆ. ಮಾತೂ ಇಲ್ಲ, ಹೊಲಿಗೆಯೂ ಇಲ್ಲ. ಮಾರ್ಗರೀಟಾ ಕೈಸನ್ನೆ ಮಾಡಿದರೆ ಒಂದು ಹೊಲಿಗೆ ಹಾಕಿ ಮತ್ತೆ ಬಾಗಿಲ ಕಡೆ ನೋಡುತ್ತಾರೆ. ಧ್ವನಿ ಕೇಳಿಸುತ್ತಿಲ್ಲ ಎಂದು ಕಲಿಕಾರ್ಥಿಗಳು ಪರದೆಯ ಮೇಲೆ ಬರೆಯತೊಡಗುತ್ತಾರೆ. ಬೆಂಗಳೂರಿನ ಸಂಯೋಜಕಿ ಮಾರ್ಗರೀಟಾರ ಕಿವಿಯಲ್ಲಿನ ಫೋನಿನಿಂದ, ಇನ್ನು ತಡಮಾಡುವುದು ಬೇಡ, ಸ್ಟುಡಿಯೋದಲ್ಲಿ ಮೊದಲೇ ಚಿತ್ರಿಸಿಟ್ಟ ವಿಡಿಯೋ ಹಾಕಿಬಿಡುತ್ತೇನೆ ಎನ್ನುತ್ತಾರೆ. ಅವರು ಹಾಗೆನ್ನುವುದರಲ್ಲಿ ತಪ್ಪೇನೂ ಇಲ್ಲ.

ಎಡವಟ್ಟು ಎಲ್ಲಿ ಆಯಿತೆಂಬುದು ಮಾರ್ಗರೀಟಾರಿಗೆ ಹೊಳೆಯುವುದು ಸುಮಯ್ಯಾ ಮತ್ತೊಮ್ಮೆ ಬಾಗಿಲು ನೋಡಿದಾಗ. ಈ ಕೇರಿಯಲ್ಲಿ ಕೌದಿಯನ್ನು ಒಬ್ಬರೇ ಕೂತು ಹೊಲಿದದ್ದನ್ನು ಕಂಡವರಿಲ್ಲ. ಮೂಲೆಗೊಬ್ಬರು ಕೂರಬೇಕು, ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬರಬೇಕು, ಬಾಯಿ ಸುಮ್ಮನಿರಬಾರದು. ಮಾರ್ಗರೀಟಾ ತಾವೇ ಆ ಮೂಲೆಗಳಲ್ಲಿ ಕೂತು ಬೆಳೆದವರು. ಸ್ಟುಡಿಯೋದವರಿಗಿಂತ ಒಂದು ಕೈ ಹೆಚ್ಚೇ ಮಾಡಿ ತೋರಿಸುವ ಭರದಲ್ಲಿ ಅದನ್ನೇ ಮರೆತು, ಮನೆಯನ್ನೇ ಸ್ಟುಡಿಯೋ ಮಾಡಲು ಹೊರಟಿದ್ದರು. ನನ್ನನ್ನು ನಂಬಿ, ಇನ್ನೊಂದೇ ನಿಮಿಷ ಕೊಡಿ ಎಂದು ಫೋನಿಗೆ ಪಿಸುಗುಟ್ಟಿ, ಪ್ರಸಾರ ನಡೆಯುತ್ತಿರುವಾಗಲೇ ಹೋಗಿ ಬಾಗಿಲು ತೆಗೆಯುತ್ತಾರೆ.

‘ಬರ್ರಿ ಎಲ್ಲಾರೂ. ಸೂಜಿ ತೊಗೊಂಡು ಬರ್ರಿ.’

ಅಂಗಳದ ಹೆಂಗಸರು ಬಳೆ ಸದ್ದಿನೊಂದಿಗೇ ಒಳಬರುತ್ತಾರೆ. ಪಕ್ಕದ ಮನೆಯ ಸೊಸೆ ತುಳಜಾ ಸುಮಯ್ಯಾರ ಎದುರಿನ ಮೂಲೆ ಹಿಡಿದು ಹೊಲಿಯತೊಡಗುತ್ತಾಳೆ. ಮಾರ್ಗರೀಟಾ ಸುಮಯ್ಯಾರ ಮುಖಕ್ಕೆ ಇಟ್ಟಿದ್ದ ಕ್ಯಾಮೆರಾವನ್ನು ಹಿಂದಕ್ಕೆಳೆದು ಇಡೀ ಕೌದಿ ಕಾಣುವಂತೆ ನಿಲ್ಲಿಸುತ್ತಾರೆ. ಸುಮಯ್ಯಾ ಸ್ವಲ್ಪ ಹೊತ್ತು ತುಳಜಾಳ ಬೆರಳನ್ನೇ ನೋಡುತ್ತಾರೆ. ಆಮೇಲೆ ಅವರ ಬಾಯಿ ಬಿಚ್ಚುತ್ತದೆ.

‘ಇಷ್ಟು ದೂರ ದೂರ ಹೊಲಿಗಿ ಹಾಕ್ತಾರೇನ? ನಾಳೆ ಹೊಚ್ಚಿಕೊಂಡ ಕೂಸಿನ ಕಾಲ್ಬೆರಳು ಸಿಗತಾವ ಅದರಾಗ. ಬಿಚ್ಚು. ಇಲ್ಲಿ ನೋಡು, ಅಂಚು ಮೊದಲ ಉಗುರಿನಿಂದ ಒಳಗ ಮಡಚು, ಆಮ್ಯಾಲೆ ಸೂಜಿ ಹಾಕು.’

ತುಳಜಾ ನಗುತ್ತಾ ಬಿಚ್ಚುತ್ತಾಳೆ. ಸುಮಯ್ಯಾ ಮಡಚಿ ತೋರಿಸುವ ಹೊತ್ತಿಗೆ ಮಾರ್ಗರೀಟಾ ಮೇಲಿನ ಕ್ಯಾಮೆರಾಕ್ಕೆ ದೃಶ್ಯ ಬದಲಿಸಿಯಾಗಿದೆ. ಉಗುರು ಬಟ್ಟೆಯ ಮೇಲೆ ಜಾರುವುದು, ಸೂಜಿಯ ತುದಿ ಏಳುವುದು ಎಲ್ಲವೂ ಸ್ಪಷ್ಟ. ಅಲ್ಲಿಂದ ಪಾಠ ನಿಲ್ಲುವುದಿಲ್ಲ. ಒಬ್ಬಳಿಗೆ ಬೈಯುತ್ತಾ, ಇನ್ನೊಬ್ಬಳನ್ನು ಹೊಗಳುತ್ತಾ, ಕೊನೆಯ ತುಂಡು ಹಚ್ಚುವಾಗ ಕೌದಿಯ ಹೊಟ್ಟೆ ತುಂಬಲಿ ಎಂದು ನಾಲ್ಕು ಅಕ್ಕಿಕಾಳು ಇಡುವುದೇಕೆಂದು ಹೇಳುತ್ತಾ ಸುಮಯ್ಯಾ ಗೊತ್ತುಮಾಡಿದ ಹೊತ್ತನ್ನೂ ಮೀರಿ ಹೋಗುತ್ತಾರೆ. ಕಲಿಕಾರ್ಥಿಗಳು ತಮ್ಮ ಹೊಲಿಗೆಯನ್ನು ಕ್ಯಾಮೆರಾಕ್ಕೆ ಹಿಡಿದು, ನಮಗೂ ಸ್ವಲ್ಪ ಬೈಯಿರಿ ಎಂದು ಕೇಳಿಕೊಳ್ಳುತ್ತಾರೆ. ಸುಮಯ್ಯಾ ಧಾರಾಳವಾಗಿ ಬೈಯುತ್ತಾರೆ.

ಮುಗಿದ ಮೇಲೆ ಸಂಯೋಜಕಿಯ ಫೋನು ಬರುತ್ತದೆ. ಮುಂದಿನ ತಿಂಗಳಿನಿಂದ ಪಾಠವೆಲ್ಲ ಇಲ್ಲಿಂದಲೇ, ಕಲಿಸುವವರು ಸುಮಯ್ಯಾ ಎಂದು ಅವರ ಹೆಸರಿನಲ್ಲೇ, ಸ್ಟುಡಿಯೋದ ಮಾತು ಇನ್ನಿಲ್ಲ. ಸುದ್ದಿ ಕೇಳಿ ಸುಮಯ್ಯಾ, ಹಾಗಾದರೆ ಬಣ್ಣದ ತುಂಡು ಈಗಿನಿಂದಲೇ ಕೂಡಿಡಬೇಕು ಎಂದಷ್ಟೇ ಹೇಳಿ ಚಹಾ ಕುಡಿಯುತ್ತಾರೆ. ಮಾರ್ಗರೀಟಾ ಮಾತ್ರ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಾರೆ. ಸಂತೋಷಕ್ಕೇ ಅತ್ತೆ ಎಂದು ಆಮೇಲೆ ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯೇನೂ ಇಲ್ಲ.

ಸಂಯೋಜಕಿ ಒಂದು ಕೋರಿಕೆಯನ್ನೂ ಇಟ್ಟಿದ್ದಾರೆ. ಪಾಠದ ವಿಡಿಯೋವನ್ನು ಸಂಗ್ರಹಿಸಿಡುವ ಮೊದಲು ಹಿಂದಿನ ಗದ್ದಲವನ್ನು ತೆಗೆದು ಕೊಡಲಾದೀತೇ ಎಂದು. ತೆಗೆಯಲು ಬರುತ್ತದೆ, ಅರ್ಧ ದಿನದ ಕೆಲಸವೂ ಅಲ್ಲ. ವೈರು ಸುತ್ತುತ್ತಾ ಮಾರ್ಗರೀಟಾ ಅದಕ್ಕೆ ಕೊಟ್ಟ ಉತ್ತರವನ್ನು ಹೇಳುತ್ತಾರೆ.

‘ಬರ್ತೈತಿ, ಆದ್ರ ತಗಿಯೂದಿಲ್ಲ ಅಂದೇನ್ರಿ. ಸುಮಯ್ಯಾ ಖಾಲಾ ಆ ಗದ್ದಲದಾಗ ಕುಂತ ಕಲಿಸ್ಯಾಳ. ಕಲಿಯಾವರೂ ಅದರಾಗ ಕುಂತ ಕಲೀಲಿ.’