ಬೀಜದಂಗಡಿಯ ಫ್ಲಾಪಿಗಳು

ಮೊನ್ನೆ ಹಿತ್ತಲಲ್ಲಿ ಹಾಕೋಣವೆಂದು ಬೆಂಡೆ ಬೀಜದ ಪೊಟ್ಟಣ ಹರಿದೆ. ಬೀಜಕ್ಕೆ ಹಚ್ಚಿದ್ದ ಗುಲಾಬಿ ಪುಡಿ ಬೆರಳಿಗೆ ಅಂಟಿತು, ಆ ಔಷಧಿಯ ಘಾಟು ಮೂಗಿಗೆ ಬಡಿಯಿತು. ಅಷ್ಟೇ ನೋಡಿ, ಎಷ್ಟೋ ವರ್ಷದ ಹಿಂದಿನ ಸಿಟ್ಟು ನೆತ್ತಿಗೇರಿತು. ಬೇರೆಯವರಿಗೆ ಈ ವಾಸನೆ ಬಂದರೆ ಹೊಲ ನೆನಪಾಗುತ್ತದೇನೋ, ನನಗೆ ನೆನಪಾಗುವುದು ಫ್ಲಾಪಿ. ಕೈ ತೊಳೆದುಕೊಂಡು ಒಳಗೆ ಬಂದು ಕೂತೆ.

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಆ ಫ್ಲಾಪಿಗಳನ್ನು ಕೊಡುತ್ತಿದ್ದವನ ಅಂಗಡಿ ಇತ್ತು. ಅರ್ಧ ಅಂಗಡಿ ಬೀಜ, ಗೊಬ್ಬರ. ಉಳಿದರ್ಧದಲ್ಲಿ ಗಾಜಿನ ಎಸ್‌ಟಿಡಿ ಬೂತು. ಬೂತಿನ ಹಿಂದೆ ಒಂದು ಕಂಪ್ಯೂಟರ್, ಅದಕ್ಕೆ ಇಂಟರ್ನೆಟ್. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಅದೇ ದೊಡ್ಡ ಮಾತು. ಬಳಗಾನೂರಿನ ಒಕ್ಕಲುತನದ ಮನೆಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಯಾರು ಏನು ಕೇಳಿದರೂ ಆತನ ಬಾಯಲ್ಲಿ ಇಲ್ಲ ಎಂಬ ಮಾತಿಲ್ಲ. "ನಾ ಅದೀನಲ್ರಿ" ಎನ್ನುತ್ತಿದ್ದ. ಆ ಒಂದು ಮಾತು ನಂಬಿ ನಾನು ಕೆಟ್ಟೆ.

ಮಸ್ಕಿಯಲ್ಲಿ ನನ್ನದು ಟೈಪಿಂಗ್ ಕ್ಲಾಸ್. ಟೈಪ್‌ರೈಟರ್ ಕೇಳುವವರಿಲ್ಲದಂತಾದಾಗ ಒಂದು ಹಳೆಯ ಕಂಪ್ಯೂಟರ್ ತಂದು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಕಂಪ್ಯೂಟರ್ ಕ್ಲಾಸ್ ಎಂದು ಬೋರ್ಡು ಬರೆಸಿದೆ. ಆರು ಹುಡುಗಿಯರು ಸೇರಿದರು. ಸಂತೆಕಲ್ಲೂರಿನವರು, ಪಾಮನಕಲ್ಲೂರಿನವರು. ಮಸ್ಕಿ ದಾಟಿ ಮುಂದೆ ಕಳಿಸುವ ಮನೆಗಳಲ್ಲ ಅವು. ಪಾಮನಕಲ್ಲೂರಿನ ಹುಡುಗಿಯಂತೂ ಬಲು ಚುರುಕು, ನಾನು ಒಂದು ಹೇಳಿದರೆ ಎರಡು ಮಾಡಿ ತೋರಿಸುತ್ತಿದ್ದಳು. ಅವಳಪ್ಪ ಸೇರಿಸುವ ದಿನವೇ ಕಡ್ಡಿ ಮುರಿದಂತೆ ಹೇಳಿದ್ದ. ಈ ಪರೀಕ್ಷೆ ಪಾಸಾದರೆ ಮುಂದೆ ಓದಿಸುತ್ತೇನೆ, ಇಲ್ಲವಾದರೆ ಬಂದಿರುವ ಗಂಡಿಗೆ ಕೊಟ್ಟುಬಿಡುತ್ತೇನೆ. ಪಾಸು ಮಾಡಿಸುವುದು ನನ್ನ ಜವಾಬ್ದಾರಿ ಎಂದು ನಾನೂ ಒಪ್ಪಿಕೊಂಡಿದ್ದೆ.

ಪರೀಕ್ಷೆಗೆ ಪ್ರೋಗ್ರಾಮು ಬರೆದು ಓಡಿಸಿ ತೋರಿಸಬೇಕು. ಅದಕ್ಕೆ, ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್ ಬೇಕು. ಡಿಸ್ಕಿನಲ್ಲಿ ಜಾಗ ಸಾಲದೆಂದು ಮೊದಲು ಅದನ್ನು ಹಾಕಿರಲಿಲ್ಲ. ಹಾಕೋಣ ಎನ್ನುವಷ್ಟರಲ್ಲಿ ಸಿ.ಡಿ. ಗೀರುಬಿದ್ದು ಸತ್ತಿತ್ತು. ಸಿಂಧನೂರಿಗೆ ಹೋಗಿ ಆತನಿಗೆ ಹೇಳಿದೆ. ಇಂಟರ್ನೆಟ್ಟಿನಿಂದ ಫ್ಲಾಪಿ ಡಿಸ್ಕುಗಳಿಗೆ ಇಳಿಸಿ ಕೊಟ್ಟ, ಬೀಜದ ಚೀಲಗಳ ನಡುವೆ ಇಟ್ಟ ಆ ಫ್ಲಾಪಿಗಳಿಗೂ ಅದೇ ಔಷಧಿಯ ಘಾಟು. ಬಸ್ಸು ಹತ್ತಿ ಮಸ್ಕಿಗೆ ಬಂದು ಹಾಕಿದರೆ, ನನಗೆ ಇನ್ನೊಂದು ಪ್ಯಾಕೇಜು ಬೇಕು ಎಂದಿತು ಕಂಪ್ಯೂಟರ್. ಮತ್ತೆ ಸಿಂಧನೂರು. ಅದನ್ನು ತಂದು ಹಾಕಿದರೆ ಅದಕ್ಕೆ ಮತ್ತೊಂದು ಬೇಕಂತೆ! ಪ್ರತಿಯೊಂದು ಇನ್ನೊಂದರ ಹೆಗಲ ಮೇಲೆ ಕೂತಿತ್ತು, ಕೆಳಗಿನವನು ಯಾರೆಂದು ಮೊದಲೇ ಹೇಳುತ್ತಿರಲಿಲ್ಲ. ಕಂಡಕ್ಟರನೇ ಒಮ್ಮೆ, ಟೀಚರ್, ಸಿಂಧನೂರಾಗ ಮನಿ ಮಾಡೀರೇನ್ರಿ ಎಂದು ಕೇಳಿದ.

ಕೊನೆಗೆ ತಳ ಸಿಕ್ಕಿತು. ಆತ ತಂದುಕೊಟ್ಟದ್ದಕ್ಕೆಲ್ಲ ಹೊಸ ಲೈಬ್ರರಿ, ಎಂದರೆ ಎಲ್ಲ ಪ್ರೋಗ್ರಾಮುಗಳಿಗೂ ಬುನಾದಿಯಾದ ಫೈಲು, ಬೇಕು, ನನ್ನ ಕಂಪ್ಯೂಟರಿನಲ್ಲಿದ್ದದ್ದು ಹಳೆಯದು. ಆ ಹಳೆಯ ಲೈಬ್ರರಿಯ ಮೇಲೆಯೇ ಉಳಿದ ಸಮಸ್ತವೂ ನಿಂತಿದೆ. ಹಳೆಯದನ್ನು ಕದಲಿಸುವ ಹಾಗಿಲ್ಲ, ಅದಕ್ಕೆ ಹೊಂದುವ ಹಳೆಯ ಕಂಪೈಲರನ್ನೇ ತರಬೇಕು. ನನ್ನ ಸಿ.ಡಿ.ಯಲ್ಲಿದ್ದ ಹಳೆಯದೇ ಬೇಕೆಂದು ನಾನು ಆತನಿಗೆ ಮೊದಲ ದಿನವೇ ಹೇಳಿದ್ದೆ! ಎಷ್ಟನೆಯ ಆವೃತ್ತಿ ಬೇಕೆಂದು ಬಾಯಿಪಾಠ ಮಾಡಿಸಿದ್ದೆ. ಆತ ಮಾತ್ರ ಪ್ರತಿ ಸಲವೂ ಹೊಚ್ಚ ಹೊಸದನ್ನೇ ಇಳಿಸುತ್ತಿದ್ದ. ಯಾಕಯ್ಯಾ ಎಂದು ಜಗಳ ತೆಗೆದೆ. ನಕ್ಕ.

"ಹಳೇ ಬೀಜ ಮೊಳಿಯಂಗಿಲ್ರಿ ಅಕ್ಕಾರ. ನಮ್ಮ ಅಂಗಡ್ಯಾಗ ಹಳೇ ಮಾಲು ಯಾರಿಗೂ ಕೊಟ್ಟಿಲ್ಲ, ನಿಮಗ ಕೊಡ್ತೀನೇನ್ರಿ?"

ಆ ಮಾತಿನಲ್ಲಿ ಮೋಸವಿರಲಿಲ್ಲ. ಹೋದ ವರ್ಷದ ಚೀಲ ಮಾರುವ ಅಂಗಡಿಗಳ ನಡುವೆ ಆತನದು ಮರ್ಯಾದೆಯ ಅಂಗಡಿ. ಆದರೆ ನನ್ನ ಕಂಪ್ಯೂಟರು ಹೊಲವೇ? ಹೇಳಿ ಹೇಳಿ ನನ್ನ ಗಂಟಲು ಹರಿಯಿತು...

ಪರೀಕ್ಷೆಯ ಹಿಂದಿನ ದಿನ ನಾನು ಲಿಂಗಸುಗೂರಿಗೆ ಹೋದೆ, ಪರೀಕ್ಷಕರ ಕಾಲು ಹಿಡಿಯುವುದೊಂದು ಬಾಕಿ. ಕಂಪೈಲರ್ ಇಲ್ಲ, ಇದ್ದುದರಲ್ಲಿ ಪರೀಕ್ಷೆ ಮಾಡಿರಿ ಎಂದೆ. ಪುಣ್ಯಾತ್ಮರು ಒಪ್ಪಿದರು. ಕಮಾಂಡುಗಳನ್ನಷ್ಟೇ ಮಾಡಿ ತೋರಿಸಲಿ, ಪಾಸಾಗುವಷ್ಟು ಅಂಕ ಅದರಲ್ಲೇ ಬರುತ್ತದೆ ಎಂದರು. ಅಷ್ಟು ಸಾಕಾಗಿತ್ತು ನನಗೆ. ನಮ್ಮ ಹುಡುಗಿಯರಿಗೆ ಕಮಾಂಡುಗಳು ನೀರು ಕುಡಿದಷ್ಟು ಸಲೀಸು. ಬಸ್ಸಿನಲ್ಲಿ ಬರುವಾಗ ನಾನು ಹಾಡು ಗುನುಗಿದೆನೆಂದರೆ ನೀವು ನಂಬಲಿಕ್ಕಿಲ್ಲ.

ಕ್ಲಾಸಿನ ಬಾಗಿಲು ತೆರೆದಿತ್ತು. ಒಳಗೆ ಆತ. ಅಕ್ಕಾರಿಗೆ ನಾಳೆ ಪರೀಕ್ಷೆ ಎಂದು ಸಿಂಧನೂರಿನಿಂದ ತಾನಾಗಿಯೇ ಫ್ಲಾಪಿ ಕಟ್ಟು ತಂದಿದ್ದ. ಪಕ್ಕದ ಮನೆಯವರು ಕೀಲಿ ಕೊಟ್ಟಿದ್ದರು. ಮುಖದ ತುಂಬ ನಗು.

"ಕೂಡಂಗಿಲ್ಲ ಅಂತ ತಕರಾರು ಮಾಡ್ತಿತ್ರಿ. ಜಬರ್ದಸ್ತಿ ಹಾಕೀನಿ. ಕುಂತೈತಿ."

ಹಾಗೆ ಜಬರ್ದಸ್ತಿ ಹಾಕಲು ಒಂದು ಕಮಾಂಡು ಇದೆ. ಕಂಪ್ಯೂಟರು ಬೇಡ ಎಂದರೂ ಕೇಳದೆ ಹೇರುವುದು. ಹೊಸ ಲೈಬ್ರರಿಯನ್ನು ಹಳೆಯದರ ಮೇಲೆ ಹೇರಿ ಕೂರಿಸಿದ್ದ. ನಾನು ನಿಂತಲ್ಲಿಂದಲೇ ಬಗ್ಗಿ ಒಂದು ಕಮಾಂಡು ಒತ್ತಿದೆ. ಓಡಲಿಲ್ಲ. ಇನ್ನೊಂದು ಒತ್ತಿದೆ, ಅದೂ ಇಲ್ಲ. ಏನು ಕೊಟ್ಟರೂ ಲೈಬ್ರರಿ ಸರಿಯಿಲ್ಲ ಎಂಬ ಒಂದೇ ಸಾಲು. ಬಂದ್ ಮಾಡಿ ಹಚ್ಚಿದರೆ ಪೂರ್ತಿ ಏಳಲೇ ಇಲ್ಲ. ಮತ್ತೆ ಹಾಕಲು ನನ್ನ ಹತ್ತಿರ ಸಿ.ಡಿ. ಇಲ್ಲ. ಇಲ್ಲದ್ದನ್ನು ತರಲು ಹೋಗಿ ಇದ್ದದ್ದನ್ನೂ ಮಣ್ಣು ಮಾಡಿದ್ದ. ಆವತ್ತು ನಾನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಮರುದಿನ ಪರೀಕ್ಷಕರು ಕಪ್ಪು ಪರದೆ ನೋಡಿ, ಚಹಾ ಕುಡಿದು, ಆರು ಹೆಸರಿನ ಮುಂದೆ ಗೆರೆ ಎಳೆದು ಹೋದರು. ಹುಡುಗಿಯರು ಜಡೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಿದ್ದರು. ಪಾಮನಕಲ್ಲೂರಿನವಳು ಅಳಲಿಲ್ಲ. ಮನಿಗೆ ಹೋಗ್ತೀನ್ರಿ ಟೀಚರ್ ಎಂದಷ್ಟೇ ಹೇಳಿದಳು.

ಸಂಜೆ ಆತ ಮತ್ತೆ ಬಂದ. ಇಬ್ಬರೂ ಪಾಮನಕಲ್ಲೂರಿಗೆ ಹೋದೆವು. ಅವಳಪ್ಪ ಕಟ್ಟೆಯ ಮೇಲೆ ಕೂರಿಸಿದ. ತಪ್ಪು ತನ್ನದು, ಟೀಚರದ್ದಲ್ಲ, ಹುಡುಗಿಯದಂತೂ ಅಲ್ಲವೇ ಅಲ್ಲ ಎಂದು ಆತ ಕೈ ಮುಗಿದು ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ತಪ್ಪು ಯಾರದಾದ್ರೇನ್ರಿ. ನಾವು ಮಾತು ಕೊಟ್ಟು ಬಂದೀವಿ."

ಬೆಳಿಗ್ಗೆ ಪರೀಕ್ಷೆ, ಸಂಜೆಯೊಳಗೆ ಮಾತು ಕೊಟ್ಟಾಗಿದೆ! ಕಾಯುತ್ತಲೇ ಕೂತಿದ್ದ ಮನುಷ್ಯ. ಬಾಗಿಲ ಹಿಂದೆ ಬಳೆ ಸದ್ದಾಯಿತು, ಹುಡುಗಿ ಹೊರಗೆ ಬರಲಿಲ್ಲ. ಆ ಅಪ್ಪನ ಮೇಲಿನ ಸಿಟ್ಟು ಬೇರೆ, ಈತನ ಮೇಲಿನ ಸಿಟ್ಟು ಬೇರೆ. ಎರಡನ್ನೂ ನಾನು ಕಡಿಮೆ ಮಾಡಿಕೊಂಡಿಲ್ಲ.

ಆಮೇಲೆ ಆತ ಎಲ್ಲಿಂದಲೋ ಪೂರ್ತಿ ಸಿ.ಡಿ. ಹುಡುಕಿ ತಂದು, ದಿನವಿಡೀ ಕೂತು, ಒಂದಕ್ಕೊಂದು ಹೊಂದುವ ಹಳೆಯ ಮಾಲನ್ನೇ ಹಾಕಿಕೊಟ್ಟ. ನಾನು ಕುಡಿಯಲು ನೀರು ಸಹ ಕೊಡಲಿಲ್ಲ. ಮುಂದಿನ ಪರೀಕ್ಷೆಗೆ ಐದು ಹುಡುಗಿಯರು ಕೂತು ಐವರೂ ಪಾಸಾದರು. ಆರನೆಯವಳು ಅಷ್ಟರಲ್ಲಿ ಗಂಡನ ಮನೆಯಲ್ಲಿದ್ದಳು.

ಹಾಗೆಂದು ಆತನನ್ನು ಬಿಡಲಾಯಿತೇ? ಲಿಂಗಸುಗೂರಿನಿಂದ ಸಿಂಧನೂರಿನ ತನಕ ಈ ಕೆಲಸ ಬಲ್ಲವರು ಬೇರೆ ಯಾರಿದ್ದರು? ಕಂಪ್ಯೂಟರು ಕೆಟ್ಟಾಗಲೆಲ್ಲ ಆತನಿಗೇ ಫೋನು. ಏನು ಕೆಟ್ಟಿದೆ ಎಂದು ಹೇಳುವ ಮೊದಲು ಹಳೆಯದನ್ನೆಲ್ಲ ಎತ್ತಿ ಬೈಯುತ್ತಿದ್ದೆ. ವರ್ಷಗಟ್ಟಲೆ ಹೀಗೇ. ಆತ ಒಮ್ಮೆಯೂ ಎದುರು ಮಾತಾಡಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಕೇಳುತ್ತಿದ್ದ. "ಬೈದದ್ದು ಆತೇನ್ರಿ ಅಕ್ಕಾರ? ಈಗ ಏನಾಗೈತಿ ಹೇಳ್ರಿ." ಮರುದಿನ ಬಸ್ಸಿಗೆ ಬಂದಿಳಿಯುತ್ತಿದ್ದ.

ಹೋದ ವರ್ಷ ತೀರಿಕೊಂಡ... ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಈಗ ಕಂಪ್ಯೂಟರಿಗೆ ಏನು ಬೇಕಾದರೂ ಅದೇ ಹುಡುಕಿ ತಂದುಕೊಳ್ಳುತ್ತದೆ, ಯಾರೂ ಬಸ್ಸು ಹತ್ತಬೇಕಿಲ್ಲ. ಮೊನ್ನೆ ಕೈ ತೊಳೆದುಕೊಂಡು ಬಂದು ಕೂತವಳು ಫೋನು ತೆಗೆದು ಆತನ ನಂಬರು ನೋಡಿದೆ. ಅಳಿಸಿಲ್ಲ. ಬೆರಳಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಗಿಲ್ಲ ಕಣೋ, ಬೈದದ್ದು ಇನ್ನೂ ಆಗಿಲ್ಲ.