ಥೋರಾ ಮುಟ್ಟದ ಗೊಬ್ಬರ

ಥೋರಾ ಬ್ಲೈತ್ ಯಾರನ್ನೂ ಸುಲಭವಾಗಿ ನಂಬುವವರಲ್ಲ. ಆ ವರ್ಷ ಅವರನ್ನೂ ಯಾರೂ ನಂಬಲಿಲ್ಲ. ಡರ್ವೆಂಟ್ ನದಿಯ ದಡದ ನಮ್ಮ ಪಟ್ಟಣದಲ್ಲಿ, ಚರ್ಚಿನ ಹಿಂದಿನ ಖಾಲಿ ಜಾಗವನ್ನು ಪಾತಿಗಳಾಗಿ ಹಂಚಿಕೊಂಡು ನಾವೊಂದಿಷ್ಟು ಮಂದಿ ತರಕಾರಿ ಬೆಳೆಯುತ್ತೇವೆ. ರಾಸಾಯನಿಕ ಬಳಸಿದವರು ಪಾತಿ ಬಿಟ್ಟುಕೊಡಬೇಕು ಎಂಬುದೊಂದೇ ಅಲ್ಲಿನ ಕಟ್ಟುನಿಟ್ಟಾದ ನಿಯಮ. ಶಾಲಾ ಬಸ್ಸು ಓಡಿಸಿ ನಿವೃತ್ತರಾಗಿ, ಬಾಡಿಗೆಯ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದ ಥೋರಾಗೆ ನೆಲ ಎಂದರೆ ಆ ಪಾತಿ ಮಾತ್ರ.

ಏಪ್ರಿಲ್‌ನಲ್ಲಿ, ನಮ್ಮ ದಕ್ಷಿಣ ಗೋಳಾರ್ಧದಲ್ಲಿ ಎಲೆ ಉದುರುವ ಹೊತ್ತಿಗೆ, ತೋಟದ ಸಮಿತಿಯ ಮುಖ್ಯಸ್ಥ ಎರೋಲ್ ಪೈಬಸ್ ಎಲ್ಲರಿಗೂ ಸೇರಿ ಗೊಬ್ಬರ ತರಿಸುತ್ತಿದ್ದರು. ಆ ಸಲ ಬಂದದ್ದು ಹೊಸದೊಂದು ಲಾಯದ ಕುದುರೆಗೊಬ್ಬರ. ಎಲ್ಲರೂ ಬುಟ್ಟಿಗಟ್ಟಲೆ ಒಯ್ದರು. ಥೋರಾ ಮುಟ್ಟಲಿಲ್ಲ.

"ಯಾಕೆ ಮಹಾರಾಣಿ, ನಮ್ ಗೊಬ್ಬರ ವಾಸ್ನೆನಾ?" ಎಂದು ಎರೋಲ್ ಕೆಣಕಿದರು.

"ವಾಸ್ನೆ ಇರೋದೇ ಕಣೋ. ಆ ಕುದುರೆ ಏನ್ ತಿಂದಿದೆ ಅಂತ ಕೇಳಿದ್ಯಾ? ಬಿಟ್ಟಿ ಅಂದ್ರೆ ನೀನು ಹಲ್ಲು ಕೀಳಿಸ್ಕೊಂಡೂ ಬರ್ತೀಯ."

ಪರಿಚಯದವರೊಬ್ಬರ ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನ ಹಲಗೆಗಳಡಿ ನುಸುಳಿ, ವರ್ಷಗಟ್ಟಲೆ ಬಿದ್ದು ಒಣಗಿದ ಹಿಕ್ಕೆಯನ್ನು ಗೋಣಿಯಲ್ಲಿ ತುಂಬಿ ತರುವುದು ಥೋರಾರ ಪದ್ಧತಿ. ಚಳಿಗೆ ಮುನ್ನ ಕಾಳು ಬಿತ್ತಿ, ಹೂ ಬಿಡುವ ಮೊದಲೇ ಕೊಯ್ದು ಮಣ್ಣಿಗೆ ಸೇರಿಸುವರು. ಬಿರುಗಾಳಿ ದಡಕ್ಕೆಸೆದ ಕಡಲಪಾಚಿಯನ್ನು ಪೀಪಾಯಿಯಲ್ಲಿ ಕೊಳೆಸಿ, ಸೋಸಿ, ಸಂಜೆ ಸಿಂಪಡಿಸುವರು. ಆ ಸಿಂಪಡಿಕೆಯೇ ಅವರಿಗೆ ಮುಳುವಾಯಿತು.

ಅಕ್ಟೋಬರ್ ಕೊನೆಯ ಕೃಷಿ ಪ್ರದರ್ಶನದ ರಜೆಯಂದು ಎಲ್ಲರೂ ಟೊಮೆಟೊ ಸಸಿ ನೆಟ್ಟೆವು. ಅದಕ್ಕೂ ಮೊದಲು ನೆಟ್ಟರೆ ಹಿಮ ಸುಡುತ್ತದೆ. ನವೆಂಬರ್‌ನಲ್ಲಿ ಚಿಗುರುಗಳು ಸುರುಟಿಕೊಂಡವು. ಎಲೆಗಳು ಜರೀಗಿಡದ ಎಳೆಯಂತೆ ಸೊಟ್ಟಗೆ ಮುದುಡಿದವು. ಥೋರಾರ ಪಾತಿಯೊಂದೇ ನಳನಳಿಸುತ್ತಿತ್ತು.

"ಇದು ಕಳೆ ಕೊಲ್ಲೋ ಔಷಧಿ ಕೆಲ್ಸ. ಸಂಜೆ ಕ್ಯಾನ್ ಹಿಡ್ಕೊಂಡು ಓಡಾಡೋರು ಯಾರು ಅಂತ ಎಲ್ರಿಗೂ ಗೊತ್ತು," ಎಂದರು ಎರೋಲ್. ಮುಂದಿನ ಸಭೆಯಲ್ಲಿ ಥೋರಾರ ಪಾತಿಯನ್ನು ಹಿಂಪಡೆಯುವ ಮಾತು ಬರುವುದೆಂದು ತೀರ್ಮಾನವಾಯಿತು.

ಥೋರಾ ನಿರಪರಾಧಿ ಎಂಬ ನಂಬಿಕೆ ನನಗೂ ಇರಲಿಲ್ಲ. ಆದರೆ ಹಾನಿಯ ಹಂಚಿಕೆ ಆರೋಪಕ್ಕೆ ಹೊಂದುತ್ತಿರಲಿಲ್ಲ. ಗಾಳಿಯಲ್ಲಿ ತೇಲಿದ ವಿಷವಾದರೆ ಅವರ ಪಕ್ಕದ ಪಾತಿ ಹೆಚ್ಚು, ದೂರದ್ದು ಕಡಿಮೆ ಕೆಡಬೇಕಿತ್ತು. ಕೆಟ್ಟದ್ದು ಎಲ್ಲ ಕಡೆ ಒಂದೇ ಸಮ. ಅಂಗಡಿಯ ಮಣ್ಣನ್ನು ಕುಂಡಗಳಿಗೆ ತುಂಬಿ, ಕೆಲವಕ್ಕೆ ಕುದುರೆಗೊಬ್ಬರ, ಕೆಲವಕ್ಕೆ ಕುರಿಹಿಕ್ಕೆ ಬೆರೆಸಿ, ಉಳಿದವನ್ನು ಹಾಗೇ ಬಿಟ್ಟು, ಎಲ್ಲದರಲ್ಲೂ ಬೀನ್ಸ್ ಬಿತ್ತಿ ನೋಡೋಣ ಎಂದೆ.

"ಕುಂಡ ಎಲ್ಲಿಡ್ತೀಯ?" ಥೋರಾ ನನ್ನನ್ನೂ ಅನುಮಾನದಿಂದಲೇ ನೋಡಿದರು. "ನನ್ ಮನೇಲಿಟ್ರೆ ನಾನೇ ಏನೋ ಮಾಡ್ದೆ ಅಂತಾರೆ. ನಿನ್ ಮನೇಲಿಟ್ರೆ ನೀನು ನನ್ ಕಡೆ ಅಂತಾರೆ. ಎರೋಲ್ ಅಡುಗೆಮನೆ ಕಿಟಕೀಲಿ ಇಡಿ."

ಎರೋಲ್ ಹುಬ್ಬೇರಿಸಿದರು. "ನಾನೇ ಮೋಸ ಮಾಡಿದ್ರೆ?"

"ಮಾಡು. ದಿನಾ ಟೀ ಕುಡೀತಾ ಅದ್ರ ಮುಖ ನೋಡ್ಬೇಕಾದೋನು ನೀನು."

ನನಗೆ ಇದು ಸರಿಬೀಳಲಿಲ್ಲ. ಗೊಬ್ಬರ ತರಿಸಿದವರು ಎರೋಲ್. ತಪ್ಪು ಗೊಬ್ಬರದ್ದಾದರೆ ಹೊಣೆಯೂ ಅವರದೇ. ಅವರ ಮನೆಯ ಮುಂದೆ ಹಾದುಹೋದಾಗಲೆಲ್ಲ ನನ್ನ ಕಣ್ಣು ಕಿಟಕಿಯತ್ತ ಹೊರಳುತ್ತಿತ್ತು. ಮೊದಮೊದಲು ಕುಂಡಗಳು ಕಾಣುತ್ತಿದ್ದವು. ಆಮೇಲೊಂದು ದಿನ ಪರದೆ ಎಳೆದಿತ್ತು; ಮತ್ತೆ ಅದು ತೆರೆಯಲೇ ಇಲ್ಲ.

ಸಭೆಯ ಹೊತ್ತು ಮೀರಿದರೂ ಎರೋಲ್ ಬರಲಿಲ್ಲ. ಥೋರಾ ಬಾಗಿಲ ಬಳಿಯ ಕುರ್ಚಿಯಲ್ಲಿ, ಕೋಟಿನ ಗುಂಡಿಯನ್ನೂ ಬಿಚ್ಚದೆ ಕುಳಿತಿದ್ದರು. "ಬರಲ್ಲ ಬಿಡು," ಎಂದು ನನ್ನತ್ತ ಪಿಸುಗುಟ್ಟಿದರು. "ನನ್ ಜೊತೆ ಸ್ಕೂಲಲ್ಲಿ ಓದೋವಾಗ್ಲೂ ಇವ್ನು ಹೀಗೇನೆ."

ಕೊನೆಗೆ ಎರೋಲ್ ಬಂದರು, ಎರಡೂ ಕೈಯಲ್ಲಿ ಕುಂಡಗಳ ತಟ್ಟೆ ಹಿಡಿದುಕೊಂಡು. ಕುರಿಹಿಕ್ಕೆಯ ಸಸಿಗಳೂ ಬರೀ ಮಣ್ಣಿನವೂ ನೆಟ್ಟಗಿದ್ದವು. ಕುದುರೆಗೊಬ್ಬರದವು ಒಂದೂ ಬಿಡದಂತೆ ಮುಷ್ಟಿ ಕಟ್ಟಿಕೊಂಡಿದ್ದವು.

"ಲಾಯದೋಳನ್ನ ಕೇಳ್ಕೊಂಡೇ ಬಂದೆ," ಎಂದರು ಎರೋಲ್, ಮೇಜನ್ನೇ ನೋಡುತ್ತ. "ಕುದುರೆಗೆ ಹಾಕೋ ಹುಲ್ಲು ಬೆಳೆದ ಹೊಲಕ್ಕೆ ಮುಳ್ಳುಗಿಡ ಸಾಯ್ಲಿ ಅಂತ ಔಷಧಿ ಹೊಡ್ದಿದ್ರಂತೆ."

ಅಂಥ ಕೆಲವು ಔಷಧಿಗಳು ಹುಲ್ಲಿಗೆ ಏನೂ ಮಾಡುವುದಿಲ್ಲ. ಕುದುರೆಯ ಹೊಟ್ಟೆಯನ್ನೂ ಗೊಬ್ಬರದ ರಾಶಿಯನ್ನೂ ದಾಟಿ ಬದುಕುತ್ತವೆ. ರಾಸಾಯನಿಕ ಬೇಡವೆಂದ ನಾವೇ ಅದನ್ನು ಬುಟ್ಟಿಯಲ್ಲಿ ಹೊತ್ತು ತಂದು, ಶ್ರದ್ಧೆಯಿಂದ ಹರಡಿದ್ದೆವು.

ಪಾತಿ ಥೋರಾರ ಬಳಿಯೇ ಉಳಿಯಿತು. ಎರೋಲ್ ಕ್ಷಮೆ ಕೇಳಿದರು. "ಇನ್ಮೇಲೆ ನಿನ್ನನ್ನ ನಂಬ್ತೀನಿ ಕಣಮ್ಮ," ಎಂದೂ ಸೇರಿಸಿದರು.

"ಸುಳ್ಳು. ನೀನು ನಂಬಿದ್ದು ಬೀನ್ಸನ್ನ," ಎಂದರು ಥೋರಾ.

ಆ ಬೇಸಿಗೆ ನಮ್ಮ ಪಾತಿಗಳಲ್ಲಿ ಮುಸುಕಿನ ಜೋಳ ಬಿಟ್ಟು ಬೇರೇನೂ ಬಿತ್ತುವಂತಿರಲಿಲ್ಲ. ಅದೂ ಹುಲ್ಲಿನ ಜಾತಿಯದೇ. ಅಳಿದುಳಿದ ಎರಡು ಟೊಮೆಟೊ ಸಸಿ ಹಿಡಿದು ಎರೋಲ್ ಥೋರಾರ ಪಾತಿಯ ಅಂಚಿಗೆ ಬಂದು ನಿಂತರು. ಥೋರಾ ಸಸಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು, ಬೇರಿಗಂಟಿದ ಮಣ್ಣನ್ನೆಲ್ಲ ಬಕೆಟ್ಟಿನ ನೀರಲ್ಲಿ ತೊಳೆದರು.

"ಆ ಮೂಲೇಲಿ ನೆಡು," ಎಂದರು. "ಮೊದ್ಲು ಹೋಗಿ ಬೂಟು ತೊಳ್ಕೊಂಡು ಬಾ."